ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು?

ಶಿರಸಿ ಸೀಮೆಯ ಅಡಿಗೆಮನೆಗೆ ಮರದ ಮೇಲಿಂದ ಇಳಿದ ಹಾಲು ಹೊಸದಲ್ಲ. ಕಾಯಿ ತುರಿದು, ರುಬ್ಬಿ, ಹಿಂಡಿ ಪಾಯಸಕ್ಕೆ ಹಾಕುವಾಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಕರಾರು ಏಳುವುದು ಅಂಥ ಹಾಲು ಪಾಯಸದ ಪಾತ್ರೆ ದಾಟಿ ಕಾಫಿ ಲೋಟಕ್ಕೆ ಬಂದಾಗ.

ಬೆಂಗಳೂರಿನಿಂದ ರಜೆಗೆ ಬಂದ ನಾದಿನಿಯ ಮಗಳು ವೀಗನ್ ಆಗಿದ್ದಳು. ಹಾಲು, ಮೊಸರು, ತುಪ್ಪ ಒಂದೂ ಮುಟ್ಟುವುದಿಲ್ಲ. ಕೊಟ್ಟಿಗೆ ತುಂಬ ದನ ಕಟ್ಟಿಕೊಂಡವರೆದುರು ಈ ಮಾತಾಡುವುದು ಬೀಗರ ಮನೆಯಲ್ಲಿ ಕೂತು ಊಟ ಸಪ್ಪೆ ಅಂದಂತೆ. ಆದರೂ ಮೊಮ್ಮಗಳಲ್ಲವೇ, ಅವಳ ಕಾಫಿಗೆ ಬೀಜದ ಹಾಲು ಮಾಡಲೆಂದು ಅತ್ತೆ ಗೋಡಂಬಿ ಡಬ್ಬ ಇಳಿಸಿದರು. ಇಳಿಸಿದ್ದು ತುಂಡಿನ ಡಬ್ಬ. ಕುಮಟೆಯ ನೆಂಟರು ಕೊಟ್ಟ 320 ನಂಬರಿನದ್ದು, ಅಂದರೆ ಪೌಂಡಿಗೆ 300ರಿಂದ 320 ಇಡೀ ಬೀಜ ತೂಗುವಂಥದ್ದು, ಮೇಲಿನ ನಾಗಂದಿಗೆಯಲ್ಲೇ ಉಳಿಯಿತು. “ರುಬ್ಬಲೆ ತುಂಡು ಸಾಕು” ಅಂದರು. ನ್ಯಾಯವಾದ ಮಾತೇ.

ನಾಲ್ಕು ತಾಸು ನೆನೆಸಿದ ಒಂದು ಲೋಟ ಬೀಜಕ್ಕೆ ನಾಲ್ಕು ಲೋಟ ನೀರು. ಅಷ್ಟರಲ್ಲಿ ಡೇರಿಗೆ ಹಾಲು ಹಾಕಿ ಮಾವ ಬಂದರು. 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಎಂದು ಹಾಲಿನ ಕೊಬ್ಬನ್ನೂ ಕೊಬ್ಬು ಬಿಟ್ಟ ಘನಾಂಶವನ್ನೂ ನಿದ್ದೆಯಲ್ಲೂ ಹೇಳುವ ಮನುಷ್ಯ.

“ನಮ್ಮನೆ ಹಾಲಿಗೆ ಒಂದು ಲೋಟ ನೀರು ಬಿದ್ರೆ ವಾಪಸ್ ಕಳಿಸ್ತ. ಇದಕ್ಕೆ ನಾಕು ಲೋಟ ಹಾಕವನೇ? ಲ್ಯಾಕ್ಟೋಮೀಟರಲ್ಲಿ ಡಿಗ್ರಿ ಎಷ್ಟು ಬತ್ತು?”

ಮಿಕ್ಸಿ ಗುರ್ ಅಂದ ಕೂಡಲೇ ಕರೆಂಟು ಹೋಯಿತು. ಮಳೆಗಾಲದ ಶಿರಸಿಯಲ್ಲಿ ಅದನ್ನು ಯಾರೂ ಸುದ್ದಿ ಅಂತ ಹೇಳುವುದಿಲ್ಲ. ಉಳಿದದ್ದು ಒರಳಲ್ಲಿ ಆಯಿತು, ಬೆಂಗಳೂರಿನ ರಟ್ಟೆಗೆ ಒಳ್ಳೆಯ ವ್ಯಾಯಾಮವೂ ಆಯಿತು.

ಹಾಲು ನಿಜಕ್ಕೂ ಚೆಂದ ಬಂದಿತ್ತು. ಹುಡುಗಿ ಸ್ನಾನಕ್ಕೆ ಹೋದದ್ದೇ ತಡ, ಅತ್ತೆ ಅದನ್ನು ಒಲೆಗೇರಿಸಿದರು. “ಹಾಲು ಕಾಸ್ದೇ ಕುಡಿತ್ವನೇ?” ಗೋಡಂಬಿಯಲ್ಲಿ ಪಿಷ್ಟ ಬಹಳ, ಬಿಸಿಯಾದರೆ ಬಿಗಿಯಾಗುತ್ತದೆ. ಉಕ್ಕಲಿ ಅಂತ ಅತ್ತೆ ಕಾದೇ ಕಾದರು. ಅದು ಉಕ್ಕಲಿಲ್ಲ. ಮೊದಲು ಅಂಚು ಹಿಡಿಯಿತು, ಆಮೇಲೆ ನಡುವೆ ‘ಪುಳುಕ್’ ಎಂದು ಒಂದು ಗುಳ್ಳೆ ಎದ್ದು ಒಡೆಯಿತು, ಕೊನೆಗೆ ಸೌಟು ಕೈ ಬಿಟ್ಟರೂ ನೆಟ್ಟಗೆ ನಿಂತಿತು. ಬೆಲ್ಲ, ಏಲಕ್ಕಿ ಬಿದ್ದು ಮಧ್ಯಾಹ್ನದ ಊಟಕ್ಕೆ ಬಡಿಸಲ್ಪಟ್ಟಿತು.

ಕಾಸದೆ ತೆಗೆದಿಟ್ಟ ಒಂದಿಷ್ಟನ್ನು ಮಾವ ಕುದಿಕುದಿ ಡಿಕಾಕ್ಷನ್ನಿಗೆ ಸುರಿದುಕೊಂಡರು. “ಒಡೆದೋತು!” ಡಿಕಾಕ್ಷನ್ನಿನ ಹುಳಿಯೂ ಬಿಸಿಯೂ ಒಟ್ಟಾದರೆ ಇಂಥ ಹಾಲು ಚೂರುಚೂರಾಗುತ್ತದೆ, ಡಿಕಾಕ್ಷನ್ ಆರಲಿ, ಹಾಲು ಬೆಚ್ಚಗಿರಲಿ ಎಂದು ಹುಡುಗಿ ವಿವರಿಸಿದಳು. ಕಾಫಿ ಆರುವವರೆಗೆ ಕಾಯುವ ವಂಶವಲ್ಲ ಇದು.

ಅಳಿದುಳಿದದ್ದಕ್ಕೆ ಅತ್ತೆ ಪ್ರೀತಿಯಿಂದ ಹೆಪ್ಪು ಹಾಕಿಟ್ಟರು. ದನದ ಮೊಸರಿನ ಹೆಪ್ಪು! ಹುಡುಗಿಯ ವ್ರತಕ್ಕೆ ಅದು ಸಲ್ಲಲಿಲ್ಲ. ಮೊಸರೇನೋ ಸೊಗಸಾಗಿ ಕೂತಿತ್ತು. ಮಾವ ಒಂದೆಲಗದ ತಂಬುಳಿಗೆ ಬೆರೆಸಿಕೊಂಡು ಅನ್ನಕ್ಕೆ ಕಲೆಸಿ ಉಂಡರು, ಏನೆಂದು ಕೇಳದೆ.

ಆಮೇಲೆ ಬಾದಾಮಿಯ ಸರದಿ. ಇದು ಗೋಡಂಬಿಯಷ್ಟು ಸಾಧು ಅಲ್ಲ. ರಾತ್ರಿಯಿಡೀ ನೆನೆಯಬೇಕು, ಸಿಪ್ಪೆ ಸುಲಿಯಬೇಕು, ಬಟ್ಟೆಯಲ್ಲಿ ಹಿಂಡಬೇಕು. ಕೈಗೆ ಸಿಕ್ಕ ಬಟ್ಟೆ ಹಿಂದೆ ಅರಿಶಿನ ಸೋಸಿದ್ದು. ಹಾಲು ಮದುಮಗಳ ಬಣ್ಣಕ್ಕೆ ತಿರುಗಿತು. ಬಟ್ಟೆಯಲ್ಲಿ ಉಳಿದ ಚರಟದಲ್ಲಿ ಲಾಡು ಮಾಡಬಹುದೆಂದು ಹುಡುಗಿ ಹೇಳುತ್ತಿದ್ದಂತೆಯೇ ಅತ್ತೆ ಅದನ್ನು ಅಭ್ಯಾಸಬಲದಿಂದ ದನಕ್ಕಿಡುವ ಅಕ್ಕಚ್ಚಿನ ಬಕೀಟಿಗೆ ಕೊಡವಿದ್ದರು. ಕೊಟ್ಟಿಗೆಯ ಗೌರಿ ಬಕೀಟಿನ ತಳವನ್ನೂ ನೆಕ್ಕಿದಳು.

ಮರುದಿನ ಮಾವ ಡೇರಿಯಿಂದ ಅವಸರದಲ್ಲಿ ಬಂದು, ಒದ್ದೆ ಕೊಡೆಯನ್ನೂ ಮಡಿಸದೆ ಚೀಟಿ ಮುಂದೆ ಹಿಡಿದರು. ಫ್ಯಾಟ್ ಒಂದು ಪಾಯಿಂಟ್ ಏರಿತ್ತು.

“ನಾಳಿಗೆ ಎಂತ ನೆನೆಸ್ತೆ ಕೂಸೇ?”