ಒರಿಜಿನಲ್ ಕಾಪಿ ತಂದಿದ್ದೀರಾ?

“ಒರಿಜಿನಲ್ ಕಾಪಿ ಎಲ್ಲಿ ಸಾರ್?” ಎಂದು ಕೌಂಟರಿನ ಮೇಡಂ ಕೇಳಿದರು.

ನನ್ನ ಫೈಲಿನಲ್ಲಿ ಒರಿಜಿನಲ್ ಇತ್ತು. ಕಾಪಿಯೂ ಇತ್ತು. ಒರಿಜಿನಲ್ ಕಾಪಿ ಅನ್ನುವ ಮೂರನೆಯದು ಇರಲಿಲ್ಲ.

“ಒರಿಜಿನಲ್ ಕೊಡಲೋ, ಕಾಪಿ ಕೊಡಲೋ ಮೇಡಂ?”

“ಅದೇ ಸಾರ್, ಒರಿಜಿನಲ್ ಕಾಪಿ.”

ನನ್ನ ಹಿಂದೆ ಹನ್ನೆರಡು ಜನ ನಿಂತಿದ್ದರು. ವಾದ ಮಾಡುವ ಜಾಗ ಅದಲ್ಲ. ಸುಮ್ನೆ ಒರಿಜಿನಲ್ಲನ್ನೇ ಮುಂದೆ ತಳ್ಳಿದೆ. ಅದು ನನ್ನ ಏಳನೇ ಕ್ಲಾಸಿನ ಟೀಸಿ. ಹೆಡ್‌ಮಾಸ್ಟರು ನೀಲಿ ಇಂಕಿನ ಪೆನ್ನಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದದ್ದು. ನಾನು ಇಂಥ ದಿನ ಹುಟ್ಟಿದ್ದೇನೆ ಅನ್ನುವುದಕ್ಕೆ ಭೂಮಿಯ ಮೇಲೆ ಇರುವ ಸಾಕ್ಷಿ ಅದೊಂದೇ. ಸಾಕ್ಷಿ ಹೇಳಬೇಕಾಗಿದ್ದ ಸೂಲಗಿತ್ತಿ ತೀರಿಕೊಂಡು ಬಹಳ ಕಾಲವಾಯಿತು.

ಮೇಡಂ ಅದನ್ನು ಹಿಂದೆ ತಳ್ಳಿದರು. “ಇದು ಒರಿಜಿನಲ್. ಇದನ್ನ ನಾವು ಇಟ್ಕೊಳ್ಳೋ ಹಾಗಿಲ್ಲ.” ಜೆರಾಕ್ಸ್ ಕೊಟ್ಟೆ. “ಇದು ಬರೀ ಜೆರಾಕ್ಸ್. ಟ್ರೂ ಕಾಪಿ ಅಂತ ಸೀಲ್ ಹಾಕಿಸಿ, ಗೆಜೆಟೆಡ್ ಆಫೀಸರ್ ಸಹಿ ತಗೊಂಡು ಬನ್ನಿ. ಸಹಿ ಮಾತ್ರ ಒರಿಜಿನಲ್ ಇರ್ಬೇಕು. ಮತ್ತೆ ಅದನ್ನ ಜೆರಾಕ್ಸ್ ಮಾಡಿಸಿ ತರಬೇಡಿ.”

ಆಗ ಜ್ಞಾನೋದಯವಾಯಿತು. ನಕಲಿನ ಮೇಲೆ ಅಸಲಿ ಸಹಿ ಬಿದ್ದರೆ ಅದು ಒರಿಜಿನಲ್ ಕಾಪಿ. ನಕಲು ನಿಜವಾಗಿಯೂ ನಕಲೇ ಎಂದು ದೊಡ್ಡವರೊಬ್ಬರು ಒಪ್ಪಿಕೊಂಡರೆ ಅದು ಟ್ರೂ ಕಾಪಿ.

ತಪ್ಪು ಆ ಮೇಡಂದಲ್ಲ ಬಿಡಿ. ಇಂಗ್ಲಿಷಿನದು. ಎಣ್ಣೆ ಸೀಗೇಕಾಯಿಯಂಥ ಎರಡು ಪದಗಳನ್ನು ಪಕ್ಕಪಕ್ಕ ಕೂರಿಸಿ ಮದುವೆ ಮಾಡಿಸುವುದರಲ್ಲಿ ಆ ಭಾಷೆಯದು ಎತ್ತಿದ ಕೈ. ಎಲ್ಲರಿಗೂ ಗೊತ್ತಿರುವ ಗುಟ್ಟು ಓಪನ್ ಸೀಕ್ರೆಟ್. ಬೇರೆ ದಾರಿಯೇ ಇಲ್ಲದಿದ್ದರೆ ಓನ್ಲಿ ಚಾಯ್ಸ್. ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಿದರೆ ಫ್ರೆಂಡ್ಲಿ ಫೈರ್. ಫೈಲು ಕಳೆದುಹೋದರೆ ‘ಫೌಂಡ್ ಮಿಸ್ಸಿಂಗ್’ ಎಂದು ಷರಾ ಬರೆಯುತ್ತಾರೆ. ಅಂದರೆ, ಸಿಕ್ಕಿದೆ, ಆದರೆ ಕಾಣೆಯಾಗಿರುವ ಸ್ಥಿತಿಯಲ್ಲಿ ಸಿಕ್ಕಿದೆ. ನಮ್ಮ ಅಡುಗೆಮನೆಯ ‘ಸ್ಟೀಲ್ ಗ್ಲಾಸು’ ಕೂಡ ಇದೇ ಜಾತಿ. ಗ್ಲಾಸ್ ಅಂದರೆ ಗಾಜು, ಅಲ್ವಾ? ಲೋಟ ಅಂದಿದ್ದರೆ ಯಾವ ತಂಟೆಯೂ ಇರಲಿಲ್ಲ.

ಇಂಥ ಮಾತುಗಳಿಗೆ ಇಂಗ್ಲಿಷಿನಲ್ಲಿ ಆಕ್ಸಿಮೋರಾನ್ ಅಂತ ಹೆಸರು. ಗ್ರೀಕಿನಲ್ಲಿ ಆಕ್ಸಿಸ್ ಅಂದರೆ ಚೂಪು, ಮೋರೋಸ್ ಅಂದರೆ ಮೊದ್ದು. ಎರಡೂ ಸೇರಿ ಚೂಪುಮೊದ್ದು. ಅಂದರೆ ರೋಗಕ್ಕೆ ಇಟ್ಟ ಹೆಸರಿಗೇ ಆ ರೋಗ ಅಂಟಿದೆ. ಕನ್ನಡದಲ್ಲಿ ಇದಕ್ಕೆ ವಿರೋಧಾಭಾಸ ಅನ್ನುತ್ತಾರೆ, ನನಗೆ ಜಾಣಪೆದ್ದು ಅನ್ನುವುದೇ ಇಷ್ಟ. ಜಾಣಗುರುಡು, ಜಾಣಗಿವುಡು ನಮ್ಮಲ್ಲಿ ಮೊದಲಿಂದ ಇದ್ದೇ ಇವೆ. ಅವುಗಳನ್ನು ನೋಡಬೇಕಾದರೆ ಯಾವುದಾದರೂ ಕೌಂಟರಿನ ಮುಂದೆ ಊಟದ ಹೊತ್ತಿಗೆ ಐದು ನಿಮಿಷ ಮೊದಲು ಹೋಗಿ ನಿಂತರೆ ಸಾಕು.

ನಮ್ಮ ಮನೆಯಲ್ಲಿ ಇಂಗ್ಲಿಷಿನ ಈ ಚಾಳಿಯಿಂದ ಹೆಚ್ಚು ನೊಂದವಳು ನನ್ನ ಹೆಂಡತಿ. ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದೆವು. ಪಕ್ಕದ ಮನೆಯ ಅಜ್ಜಿಗೆ ಇವಳು ಕೋಡುಬಳೆ ಮಾಡಿ ಕೊಟ್ಟಳು. ಆಕೆ ಒಂದು ತುಂಡು ಕಡಿದು, ಕಣ್ಣರಳಿಸಿ, “ಆಫುಲಿ ಗುಡ್” ಅಂದಳು. ಆಫುಲ್ ಅಂದರೆ ಕೆಟ್ಟದ್ದು ಎಂದು ಇವಳು ಸ್ಕೂಲಿನಲ್ಲಿ ಓದಿದ್ದಳು. ಮೊದಲ ಪದ ಕಿವಿಗೆ ಬಿದ್ದಿದ್ದೇ ತಡ, ಎರಡನೆಯದು ಕೇಳಿಸಲೇ ಇಲ್ಲ.

“ನೋಡ್ರೀ, ಎದುರಿಗೇ ಕೆಟ್ಟದಾಗಿದೆ ಅಂದುಬಿಟ್ಳು. ಖಾರ ಜಾಸ್ತಿ ಆಗಿದ್ರೆ ಖಾರ ಅನ್ಬೇಕಪ್ಪ.”

ಒಂದು ತಿಂಗಳು ಮಗಳ ಮನೆಯಲ್ಲಿ ಎಣ್ಣೆ ಕಾಯಲಿಲ್ಲ. ಕೊನೆಗೆ ಅಜ್ಜಿಯೇ ಬಂದು, ಬೆರಳಲ್ಲಿ ಬಳೆಯ ಆಕಾರ ತೋರಿಸಿ, ಮತ್ತೆ ಮಾಡಿಲ್ಲವೇ ಎಂದು ಕೇಳಿದಳು. ಮಗಳು ಇಬ್ಬರ ನಡುವೆ ನಿಂತು ರಾಜಿ ಮಾಡಿಸಿದಳು. ಆಫುಲ್ ಅಂದರೆ ಹಿಂದೆ ಭಯಭಕ್ತಿ ಹುಟ್ಟಿಸುವಂಥದ್ದು ಎಂಬ ಅರ್ಥವಿತ್ತಂತೆ. ಆಮೇಲೆ ಕೆಟ್ಟದ್ದು ಎಂದಾಯಿತು. ಅದಕ್ಕೊಂದು ಬಾಲ ಸೇರಿಸಿ ಆಫುಲಿ ಎಂದರೆ ಬರೀ ‘ತುಂಬಾ’. ಟೆರಿಫಿಕ್ ಅನ್ನುವುದೂ ಹಾಗೇ. ಹೆದರಿಸುವುದರಿಂದ ಹೊರಟು ಹೊಗಳುವುದಕ್ಕೆ ಬಂದು ನಿಂತಿದೆ. ಇದನ್ನೆಲ್ಲ ಕೇಳಿ ಇವಳು ಅಂದದ್ದು ಇಷ್ಟೇ: “ಓ, ನಾವು ಭಯಂಕರ ರುಚಿ ಅಂತೀವಲ್ಲ, ಹಾಗೆ. ಮೊದಲೇ ಹೇಳ್ಬಾರ್ದಾ?” ಮಾರನೇ ದಿನ ಮತ್ತೆ ಎಣ್ಣೆ ಬಾಣಲೆ ಒಲೆ ಹತ್ತಿತು.

ನಮ್ಮ ಚಿಕ್ಕಪ್ಪನ ಕಷ್ಟ ಇನ್ನೊಂದು ಥರ. ಸ್ಯಾಂಕ್ಷನ್ ಅಂದರೆ ಅವರಿಗೆ ಮಂಗಳಕರ ಶಬ್ದ. ಸಾಲ ಸ್ಯಾಂಕ್ಷನ್ ಆಯ್ತು, ರಜೆ ಸ್ಯಾಂಕ್ಷನ್ ಆಯ್ತು. ಅಮೆರಿಕ ಇರಾನಿನ ಮೇಲೆ ಸ್ಯಾಂಕ್ಷನ್ ಹಾಕಿತು ಎಂದು ಪೇಪರಿನಲ್ಲಿ ಓದಿ, “ಪರ್ವಾಗಿಲ್ವೇ, ಶತ್ರು ಆದ್ರೂ ಕೊಟ್ಟಿದ್ದಾರೆ” ಅಂದರು. ಒಂದೇ ಪದಕ್ಕೆ ಮಂಜೂರಾತಿಯೂ ನಿರ್ಬಂಧವೂ ಅರ್ಥ ಎಂದು ವಿವರಿಸಿದರೆ ಅವರು ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಇಲ್ಲ.

ಇನ್ನು ಮದುವೆಮನೆಯ ಫೋಟೋಗ್ರಾಫರು. ಅವರ ಬಗ್ಗೆ ಹೇಳದಿದ್ದರೆ ಈ ಬರಹವೇ ಅಪೂರ್ಣ. ಕಳೆದ ವರ್ಷ ಅಣ್ಣನ ಮಗನ ಮದುವೆಯಲ್ಲಿ ಒಬ್ಬ ಹುಡುಗ ನನ್ನನ್ನು ಕಂಬದ ಪಕ್ಕ ನಿಲ್ಲಿಸಿದ. “ಅಂಕಲ್, ಇದು ಕ್ಯಾಂಡಿಡ್. ಕ್ಯಾಮೆರಾ ನೋಡ್ಬೇಡಿ. ಆಂಟಿ ಏನೋ ಜೋಕ್ ಹೇಳಿದ್ರು, ನಿಮಗೆ ನಗು ತಡೆಯೋಕಾಗ್ತಿಲ್ಲ. ನ್ಯಾಚುರಲ್ಲಾಗಿ ಆಕ್ಟ್ ಮಾಡಿ. ರೆಡಿ, ಒನ್, ಟೂ...” ನಾನು ನಕ್ಕೆ. “ಅಷ್ಟೊಂದು ಬೇಡ ಅಂಕಲ್, ಆಕ್ಟಿಂಗ್ ಅಂತ ಗೊತ್ತಾಗುತ್ತೆ.” ಕಡಿಮೆ ನಕ್ಕೆ. “ಸ್ವಲ್ಪ ಗದ್ದ ಎತ್ತಿ. ಶಲ್ಯ ಸರಿ ಮಾಡ್ಕೊಳ್ಳಿ. ಹಾಂ, ಈಗ ನಿಮಗೆ ಗೊತ್ತಿಲ್ಲದ ಹಾಗೆ ನಾನು ತೆಗೀತೀನಿ.” ಏಳು ಸಲ ಆದಮೇಲೆ ಆಂಟಿ ನಿಜವಾಗಿಯೂ ನಕ್ಕಳು, ನನ್ನ ಮುಖ ನೋಡಿ. ಆ ಫೋಟೋ ಆಲ್ಬಮ್ಮಿಗೆ ಬರಲಿಲ್ಲ. ಅದು ನ್ಯಾಚುರಲ್ ಇರಲಿಲ್ಲವಂತೆ.

ಟೀಸಿಯ ಕತೆಗೆ ಬರುತ್ತೇನೆ.

ಗೆಜೆಟೆಡ್ ಆಫೀಸರನ್ನು ಹುಡುಕಿಕೊಂಡು ಹೊರಟೆ. ನೆಂಟರ ಪೈಕಿ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಸಿಕ್ಕಿದರು. ಹಸಿರು ಇಂಕಿನ ಸಹಿ, ಸೀಲು, ಎಲ್ಲ ಆಯಿತು. ವಾಪಸು ಬರುವಾಗ ಸ್ಕೂಟರಿನ ಮೇಲೆ ಬೆಂಗಳೂರಿನ ಸಂಜೆ ಮಳೆ. ರಟ್ಟಿನ ಫೈಲು ಹಪ್ಪಳದ ಹಿಟ್ಟಿನ ಹಾಗಾಯಿತು. ಒಂದು ಜೆರಾಕ್ಸ್ ಅಂಗಡಿಯ ಶೀಟಿನ ಕೆಳಗೆ ನಿಂತು ಬಿಚ್ಚಿ ನೋಡಿದೆ.

ಜೆರಾಕ್ಸ್ ಹಾಳೆ ತೊಯ್ದಿತ್ತು. ಹಸಿರು ಸಹಿ ಒಂಚೂರು ಹರಡಿತ್ತು, ಅಷ್ಟೇ. ಅಚ್ಚಾದ ಅಕ್ಷರ ಒಂದೂ ಅಲುಗಿರಲಿಲ್ಲ. ಹೇಗೆ ಅಲುಗೀತು? ಅದು ಇಂಕಲ್ಲ, ಕಾಗದದ ಮೇಲೆ ಬಿಸಿಗೆ ಕರಗಿ ಅಂಟಿಕೊಂಡ ಪುಡಿ. ಪೇಟೆಂಟ್ ಕಾಗದಗಳ ನಕಲು ಸಾಕಷ್ಟು ಸಿಗದೆ ಬೇಸತ್ತಿದ್ದ ಚೆಸ್ಟರ್ ಕಾರ್ಲ್‌ಸನ್ ಎಂಬ ಅಮೆರಿಕದ ಪುಣ್ಯಾತ್ಮ 1938ರ ಅಕ್ಟೋಬರ್ 22ರಂದು ಈ ವಿದ್ಯೆಯಲ್ಲಿ ಮೊದಲ ನಕಲು ತೆಗೆದ. ಗ್ರೀಕಿನ ಜೆರೋಸ್ ಎಂದರೆ ಒಣಗಿದ್ದು. ಜೆರಾಕ್ಸ್ ಎಂಬ ಹೆಸರು ಬಂದದ್ದು ಅಲ್ಲಿಂದ. ನನ್ನ ಕೈಯಲ್ಲಿದ್ದದ್ದು ಒದ್ದೆ ಜೆರಾಕ್ಸು, ಅಂದರೆ ತೊಪ್ಪೆಯಾದ ಒಣಗು.

ಒರಿಜಿನಲ್ಲಿನ ಕತೆ ಬೇರೆ. ಹೆಡ್‌ಮಾಸ್ಟರ ಮುತ್ತಿನಂಥ ಅಕ್ಷರಗಳು ಒಂದನ್ನೊಂದು ಅಪ್ಪಿಕೊಂಡು ನೀಲಿ ಕೆರೆಯಾಗಿದ್ದವು. ನನ್ನ ಹೆಸರು ಅರ್ಧ ಉಳಿದಿತ್ತು. ‘ನಡತೆ’ ಎಂಬ ಕಾಲಮ್ಮಿನಲ್ಲಿ ‘ಉತ್ತಮ’ ಹೋಗಿ ಬರೀ ‘ತ’ ಇತ್ತು. ಹುಟ್ಟಿದ ತಾರೀಕು ಪೂರ್ತಿ ಕೊಚ್ಚಿಹೋಗಿತ್ತು. ಅರವತ್ತರ ಹತ್ತಿರ ಬಂದು ಹುಟ್ಟದವನಾಗಿಬಿಟ್ಟೆ.

“ಅಂಕಲ್, ಜೆರಾಕ್ಸ್ ಮಾಡ್ಬೇಕಾ?” ಎಂದ ಅಂಗಡಿಯ ಹುಡುಗ. ಯಾವುದನ್ನು ಮಾಡಿಸಲಿ?

ಮಾರನೇ ದಿನ ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿದ ಎರಡೂ ಹಾಳೆ ಹಿಡಿದು ಮತ್ತೆ ಕೌಂಟರಿಗೆ ಹೋದೆ. ಮೇಡಂ ಟೀಸಿಯನ್ನು ಬೆಳಕಿಗೆ ಹಿಡಿದರು.

“ಇದೇನ್ ಸಾರ್, ಒರಿಜಿನಲ್ಲು ಕ್ಲಿಯರ್ ಇಲ್ವಲ್ಲ! ಇದೇ ಒರಿಜಿನಲ್ ಅಂತ ಹೇಗೆ ನಂಬೋದು?”

“ಜೆರಾಕ್ಸ್ ಜೊತೆ ಹೋಲಿಸಿ ನೋಡಿ ಮೇಡಂ.”

ಹೋಲಿಸಿದರು. ಉಳಿದ ಅರ್ಧ ಹೆಸರಿಗೆ ಅರ್ಧ ಹೆಸರು, ‘ತ’ಕ್ಕೆ ‘ತ’ ಕೂಡಿಬಂತು. ಹೆಡ್‌ಮಾಸ್ಟರ ‘ತ’ಗೆ ಹಾವಿನ ಹೆಡೆಯಂಥ ಒಂದು ಸುರುಳಿ ಇತ್ತು. ಅದೇ ನನ್ನನ್ನು ಕಾಪಾಡಿತು. “ಸರಿ ಬಿಡಿ, ಜೆರಾಕ್ಸ್ ನೋಡಿದ್ರೆ ಒರಿಜಿನಲ್ಲು ಒರಿಜಿನಲ್ಲೇ ಅನ್ಸುತ್ತೆ” ಎಂದು ಅರ್ಜಿಯ ಮೇಲೆ ಸೀಲು ಗುದ್ದಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ರಸೀದಿ ಮಡಚಿ ಜೇಬಿಗೆ ಇಟ್ಟುಕೊಂಡು, ಕೈ ಮುಗಿದು, ಹೊರಡುತ್ತಾ ಅಭ್ಯಾಸಬಲದಿಂದ ಅಂದೆ: “ಬರ್ತೀನಿ ಮೇಡಂ.”

ಮೇಡಂ ಗಾಬರಿಯಿಂದ ತಲೆ ಎತ್ತಿದರು.

“ಅಯ್ಯೋ, ಬರೋದೇನೂ ಬೇಡ ಸಾರ್. ಮೆಸೇಜ್ ಬರುತ್ತೆ.”