ಜ್ವರಕ್ಕೆ ಇಸಿಜಿ ಯಾಕೆ ಡಾಕ್ಟ್ರೇ?

ಮಳೆಗಾಲದಲ್ಲಿ ವಾರಕ್ಕೊಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಮೊನ್ನೆ ಕೇಳಿದ್ದು ಗದ್ದೆ ಕೆಲಸ ಮುಗಿಸಿ ಜ್ವರ ಹಿಡಿದು ಮಲಗಿದವರೊಬ್ಬರ ಹೆಂಡತಿ. ಇಲಿ ಜ್ವರದ ಅನುಮಾನವಿತ್ತು. ಕಿಡ್ನಿಗೆ, ಕಾಮಾಲೆಗೆ ಅಂತ ರಕ್ತ ತೆಗೆದಾಗ ಆಕೆ ಚಕಾರ ಎತ್ತಲಿಲ್ಲ. ಎದೆಗೆ ವೈರು ಹಚ್ಚುವಾಗ ಮಾತ್ರ "ಇವರ ಹಾರ್ಟಿಗೇನೂ ಆಗಿಲ್ವಲ್ಲ?" ಅಂದರು. ಬಿಲ್ಲು ಬೆಳೆಸ್ತಿದಾರೆ ಅನ್ನೋ ನೋಟ ಬೇರೆ.

ಆ ಗಡಿಬಿಡಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜ್ವರ ಹೃದಯವನ್ನೂ ತಟ್ಟುತ್ತದೆ ಅನ್ನುವುದಕ್ಕೆ ಉದಾಹರಣೆ ಹಂಟಾ ವೈರಸ್‌ನದು. ನಮ್ಮ ಇಲಿ ಜ್ವರ ಬ್ಯಾಕ್ಟೀರಿಯಾದ್ದು, ಇದು ವೈರಸ್. ನೆಂಟಸ್ತಿಕೆ ಇಲಿಯ ಕಡೆಯಿಂದ ಮಾತ್ರ.

ಫಿನ್ಲೆಂಡಿನಲ್ಲಿ ಪೂಮಾಲಾ ಎಂಬ ಊರಿನ ಹೆಸರಿನದೇ ಒಂದು ಹಂಟಾ ಇದೆ. ಕಾಡಿಲಿಯ ಉಚ್ಚೆ, ಹಿಕ್ಕೆಯ ದೂಳು ಮೂಗಿಗೆ ಹೋಗಿ ಬರುತ್ತದೆ. ಎಲ್ಲರ ಕಣ್ಣೂ ಕಿಡ್ನಿಯ ಮೇಲೆ. ಆದರೆ ಮಣಿಕಟ್ಟು ಹಿಡಿದರೆ ಬೇರೆಯೇ ಸುದ್ದಿ. ಮೈ ಕಾದರೆ ನಾಡಿ ಓಡಬೇಕು, ಇಲ್ಲಿ ಕೆಲವರದು ಸುಡುಜ್ವರದಲ್ಲೂ ಸಾವಕಾಶ ನಡೆಯುತ್ತದೆ. ಕೆಲವರ ಇಸಿಜಿಯಲ್ಲಿ ಟಿ ಅಲೆ, ಅಂದರೆ ಪ್ರತಿ ಬಡಿತದ ಕೊನೆಯ ಉಬ್ಬು, ತಲೆಕೆಳಗಾಗಿರುತ್ತದೆ. ಬಹುಪಾಲು ತಾನಾಗಿಯೇ ಸರಿಹೋಗುತ್ತದೆ, ಬಡಿತ ಕಾಯುವ ಪೇಸ್‌ಮೇಕರ್ ಯಂತ್ರಕ್ಕೆ ಓಡಬೇಕಿಲ್ಲ. ಹಾಗಂತ ಕೈಕಟ್ಟಿ ಕೂರುವಂತೆಯೂ ಇಲ್ಲ. ಕಿಡ್ನಿ ಕೈಕೊಟ್ಟು ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಲಯ ತಪ್ಪುವುದಕ್ಕೆ ಹೊತ್ತು ಬೇಕಿಲ್ಲ. ಈ ಜ್ವರ ಬಂದ ಮೊದಲ ಮೂರು ವಾರ ಹೃದಯಾಘಾತದ ಅಪಾಯವೂ ಹೆಚ್ಚು ಎಂದು ಸ್ವೀಡನ್ನಿನವರು 2014ರಲ್ಲಿ ತೋರಿಸಿದರು.

ಅಮೆರಿಕದ ಹಂಟಾ ಇದರಂತಲ್ಲ, ಕೊಲ್ಲುವಂಥದ್ದು. 1993ರಲ್ಲಿ ನ್ಯೂ ಮೆಕ್ಸಿಕೋ ಸುತ್ತಮುತ್ತ ಗಟ್ಟಿಮುಟ್ಟಾದ ಹರೆಯದವರೇ ಉಸಿರುಗಟ್ಟಿ ಸತ್ತಾಗ ಅದು ಪತ್ತೆಯಾಯಿತು. ಶ್ವಾಸಕೋಶದಲ್ಲಿ ನೀರು ತುಂಬುವುದು ನಿಜ. ಆದರೆ ಕೊನೆಗೆ ಎಷ್ಟೋ ಸಲ ಕೈಬಿಡುವುದು ಹೃದಯ. ಅದರ ಸ್ನಾಯು ಸೋತು ರಕ್ತ ತಳ್ಳಲಾರದು. ಬಿಪಿ ಬಿತ್ತೆಂದು ಸಲೈನ್ ಸುರಿದರೆ ಅದೂ ಶ್ವಾಸಕೋಶಕ್ಕೇ ಹೋಗುತ್ತದೆ. ಕಡೆಗೆ ಮಾನಿಟರ್‌ನಲ್ಲಿ ಅಲೆಗಳು ಅಚ್ಚುಕಟ್ಟಾಗಿ ಓಡುತ್ತಿರುತ್ತವೆ, ಕುತ್ತಿಗೆಗೆ ಬೆರಳಿಟ್ಟರೆ ನಾಡಿಯೇ ಇರುವುದಿಲ್ಲ. ಕರೆಂಟಿದೆ, ಪಂಪು ತಿರುಗುತ್ತಿಲ್ಲ. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯ ವೈದ್ಯರು ಇಂಥವರನ್ನು ಹೃದಯ, ಶ್ವಾಸಕೋಶಗಳ ಕೆಲಸವನ್ನು ಹೊರಗಿನಿಂದ ಮಾಡುವ ಎಕ್ಮೋ ಯಂತ್ರಕ್ಕೆ ಜೋಡಿಸಿ ಹಲವರನ್ನು ಉಳಿಸಿಕೊಂಡಿದ್ದಾರೆ.

2025ರ ಫೆಬ್ರವರಿಯಲ್ಲಿ ಹಾಲಿವುಡ್ ನಟ ಜೀನ್ ಹ್ಯಾಕ್‌ಮನ್ ಪತ್ನಿ ಬೆಟ್ಸಿ ಅರಕಾವಾ ಸತ್ತದ್ದು ಇದರಿಂದಲೇ. ನಾನು ಓದಿದ ವರದಿಗಳಲ್ಲೆಲ್ಲ ಶ್ವಾಸಕೋಶದ್ದೇ ಮಾತು. ವಿಚಿತ್ರ ನೋಡಿ, ಆ ಮನೆಯಲ್ಲಿ ಹೃದಯದ ಲಯದ ದಾಖಲೆ ಸಿಕ್ಕಿದ್ದು ಹಂಟಾ ತಗುಲದ ಗಂಡನ ಪೇಸ್‌ಮೇಕರ್‌ನಲ್ಲಿ: ಫೆಬ್ರವರಿ 18, ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಲಯತಪ್ಪಿದ ಬಡಿತ.

ನನ್ನ ತಕರಾರು ಹೆಸರಿನ ಮೇಲೆ. ಫಿನ್ಲೆಂಡಿನ ಜ್ವರದ ಹೆಸರಿಗೆ ಕಿಡ್ನಿ ಸೇರಿಸಿದರು, ಅಮೆರಿಕದ್ದಕ್ಕೆ ಶ್ವಾಸಕೋಶ. ಹೆಸರು ಎಲ್ಲಿ ಬೆರಳು ತೋರಿಸುತ್ತದೋ ನಮ್ಮ ಕಣ್ಣೂ ಅಲ್ಲೇ. ಆಮೇಲೆ ಅಮೆರಿಕದ್ದಕ್ಕೆ 'ಕಾರ್ಡಿಯೋ', ಅಂದರೆ ಹೃದಯ, ಅಂತಲೂ ಸೇರಿಸಿ ಬರೆದರು. 'ಇಲಿ ಜ್ವರ' ಅಂದ ನಮ್ಮ ಜನವೇ ಜಾಣರು, ಯಾವ ಅಂಗಕ್ಕೂ ಕಟ್ಟಿಹಾಕಲಿಲ್ಲ. ಆದರೂ ಅದರಲ್ಲೂ ಹೃದಯದ ಲಯ ತಪ್ಪುತ್ತದೆ ಅನ್ನುವುದನ್ನು ಡ್ಯೂಟಿ ಡಾಕ್ಟರುಗಳಾದ ನಾವೇ ಮರೆಯುತ್ತೇವೆ.

ಆವತ್ತಿನ ಇಸಿಜಿ ಪಟ್ಟಿಯಲ್ಲಿ ಬಡಿತಗಳ ನಡುವಿನ ಅಂತರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬೆರಳಿಟ್ಟು ತೋರಿಸಿದೆ: ಇಲ್ಲಿ ಹತ್ತಿರ, ಇಲ್ಲಿ ದೂರ. ಆಕೆ ಪಟ್ಟಿಯನ್ನು ಬೆಳಕಿಗೆ ಹಿಡಿದು ತುಸು ಹೊತ್ತು ನೋಡಿದರು.

"ನಾಳೆ ಇನ್ನೊಂದ್ಸಲ ತೆಗೀತೀರಾ ಡಾಕ್ಟ್ರೇ?"