ಬಚ್ಚಲಲ್ಲಿ ಇಂದಾದ್

ನಮ್ಮದು ಹಂಚಿನ ಮನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕುವಾಗ, ಮುಂದೊಂದು ದಿನ ಯಾವನೋ ಮರುಳ ಈ ಹಂಚಿನಡಿ ಫೋಟೋ ತೊಳೆಯುವ ಡಾರ್ಕ್‌ರೂಮ್ ಮಾಡಿಯಾನು ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೆ ಸಂದಿಗಳಲ್ಲಿ ಇಷ್ಟು ಬಿಸಿಲು ಇಳಿಯಲು ಬಿಡುತ್ತಿರಲಿಲ್ಲ.

ಬಾಗಿಲು ಹಾಕಿದ ಸ್ಟುಡಿಯೋ ಒಂದರಿಂದ ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಹಳೆಯ ಎನ್‌ಲಾರ್ಜರ್ ತಂದು ಹಿಂದಿನ ಬಚ್ಚಲಲ್ಲಿಟ್ಟೆ. ಮಾಡಿಗೆ ಕಪ್ಪು ಟಾರ್ಪಾಲು, ಕಿಟಕಿಗೆ ರಟ್ಟು, ಬಾಗಿಲ ಸಂದಿಗೆ ಅಮ್ಮನ ಹಳೆ ಸೀರೆ. ಒಂದೆಳೆ ಬೆಳಕೂ ಇಲ್ಲ. ಗಾಳಿಯೂ ಇಲ್ಲ ಅಂತ ಇಪ್ಪತ್ತನೇ ನಿಮಿಷಕ್ಕೆ ಗೊತ್ತಾಯಿತು. ಚಿತ್ರ ಮೂಡುವುದನ್ನು ಸಾಕೆಂದು ನಿಲ್ಲಿಸುವ ಸ್ಟಾಪ್ ಬಾತ್ ಅಂದರೆ ಅಸಿಟಿಕ್ ಆಸಿಡ್, ವಿನೆಗರ್‌ನ ಜೀವಾಳವೇ ಅದು. ಪಕ್ಕದ ಟ್ರೇಯಲ್ಲಿ ಚಿತ್ರವನ್ನು ಅಳಿಯದ ಹಾಗೆ ನಿಲ್ಲಿಸುವ ಫಿಕ್ಸರ್‌ನಿಂದ ಆಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ: ಸಲ್ಫರ್ ಡೈ ಆಕ್ಸೈಡ್. ಪೇಪರಿನ ಜೊತೆ ಸ್ಟಾಪ್ ಬಾತಿನ ಹುಳಿ ಅಲ್ಲಿಗೆ ಹೋದಷ್ಟೂ ಅದು ಜಾಸ್ತಿ. ಚಿತ್ರ ಮೂಡಿಸುವ ಡೆವಲಪರ್ 20 ಡಿಗ್ರಿಯಲ್ಲಿರಬೇಕು. ಮೇ ತಿಂಗಳಲ್ಲಿ ನಮ್ಮ ಟ್ಯಾಂಕಿಯ ನೀರನ್ನು ಕೈಯಲ್ಲಿ ಮುಟ್ಟಿದರೆ ಸಾಕು, ನಗು ಬರುತ್ತದೆ. ಟ್ರೇಯಡಿಗೆ ಐಸ್ ಇಟ್ಟೆ. ನನಗೆ ಯಾರೂ ಇಡಲಿಲ್ಲ. ಕಣ್ಣುರಿ, ತಲೆಸುತ್ತು ಹೊತ್ತುಕೊಂಡು ಹೋಗಿ ಬಾವಿಕಟ್ಟೆಯಲ್ಲಿ ಕೂತೆ.

"ಎಂತ ತೊಳೆದದ್ದು?" ಅಮ್ಮ ಕೇಳಿದರು.

"ಫೋಟೋ."

"ಮುಖ ನೋಡಿದ್ರೆ ನಿನ್ನನ್ನೇ ತೊಳೆದ ಹಾಗೆ ಉಂಟು."

ಎಲೆಕ್ಟ್ರಿಷಿಯನ್ ಬಂದರು. "ಎಗ್ಸಾಸ್ಟ್ ಫ್ಯಾನ್ ಮೇಲೆಯೇ ಇಡುದು ಮಾರಾಯ್ರೆ, ಎಲ್ಲ ಕಡೆ ಹಾಗೇ" ಅಂತ ತಲೆಯ ಮೇಲೆಯೇ ತೂತು ಕೊರೆದರು. ಟ್ರೇಯಿಂದ ಎದ್ದ ಆವಿ ಅಲ್ಲಿಗೆ ಮುಟ್ಟುವ ಮೊದಲು ನನ್ನ ಮೂಗಿನಲ್ಲಿ ಇಳಿದು ಹೋಗಬೇಕು, ಬಸ್ ಸ್ಟಾಪಿನ ಹಾಗೆ. ಅದಕ್ಕಿಂತ ದೊಡ್ಡ ಎಡವಟ್ಟು ಬೇರೆ ಇತ್ತು. ಎಲ್ಲ ಸಂದಿ ಮುಚ್ಚಿದ ಕೋಣೆಗೆ ಹೊಸ ಗಾಳಿ ಎಲ್ಲಿಂದ ಬರಬೇಕು? ಫ್ಯಾನ್ ಮುಚ್ಚದೆ ಉಳಿದಿದ್ದ ಒಂದೇ ದಾರಿಯಿಂದ ಎಳೆಯಿತು, ಬಚ್ಚಲ ಮೋರಿಯಿಂದ. ವಾಸನೆಯ ಹಿಂದೆಯೇ ಒಂದು ಜಿರಳೆ ಬಂತು. ಕೆಂಪು ಬಲ್ಬಿನಡಿ ಜಿರಳೆ ಆಮೆಯಷ್ಟು ಕಾಣುತ್ತದೆ.

ಇಷ್ಟರ ನಡುವೆಯೂ ಮಲ್ಪೆಯ ದೋಣಿಗಳ ಪ್ರಿಂಟು ಹಾಕಿದೆ. ಬಿಳಿ ಕಾಗದದಲ್ಲಿ ಮೊದಲು ಬಲೆಯ ರಾಶಿ ಎದ್ದಿತು, ಆಮೇಲೆ ದೋಣಿಯ ಮೂತಿ, ಅದರ ಮೇಲೆ ಕೂತ ಒಂದು ಕಾಗೆ. ಉಸಿರು ಬಿಗಿಹಿಡಿದು ನೋಡುತ್ತಿದ್ದ ಹಾಗೆಯೇ ಆಕಾಶಕ್ಕೆಲ್ಲ ಬೂದಿ ಬಡಿಯಿತು. ಫ್ಯಾನಿನ ರೆಕ್ಕೆಗಳ ಸಂದಿಯಿಂದ ಹಗಲು ಒಳಗೆ ಬಂದಿತ್ತು. ಫೋಟೋ ತೆಗೆದ ದಿನ ಮಲ್ಪೆಯಲ್ಲಿ ಚೂರು ಮೋಡ ಇರಲಿಲ್ಲ, ಪ್ರಿಂಟಿನಲ್ಲಿ ಆಟಿ ತಿಂಗಳ ಮಳೆ.

ಫ್ಯಾನಿನ ಬಾಯಿ ಪಕ್ಕದ ಮನೆ ಬಾಯಮ್ಮನ ಅಡಿಗೆಕೋಣೆಯ ಕಡೆಗಿತ್ತು. ಮೂರನೇ ದಿನ ಕಂಪೌಂಡಿನಾಚೆಯಿಂದ ಅವರು ಅಮ್ಮನನ್ನು ಮೆಲ್ಲ ಕೇಳಿದರು: "ಅಕ್ಕಾ, ನೀವು ಯಾವಾಗದಿಂದ ಇಂದಾದ್ ಮಾಡ್ಲಿಕ್ಕೆ ಶುರು ಮಾಡಿದ್ದು? ಒಳ್ಳೆ ಪರಿಮಳ ಬರ್ತಾ ಉಂಟು."

ಇಂದಾದ್ ಅಂದರೆ ವಿನೆಗರ್ ಹಾಕಿ ಮಾಡುವ ಹಂದಿಮಾಂಸದ ಅಡಿಗೆ. ನಮ್ಮಲ್ಲಿ ಏಕಾದಶಿಗೆ ಈರುಳ್ಳಿಯೂ ಇಲ್ಲ. ಅಮ್ಮ ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. 6 ಅಡಿ, 5 ಅಡಿ, ಎತ್ತರ 8: ಒಟ್ಟು 240 ಘನ ಅಡಿ. ಗಂಟೆಗೆ ಹತ್ತು ಸಲ ಗಾಳಿ ಬದಲಾಗಬೇಕೆಂದರೂ ನಿಮಿಷಕ್ಕೆ 40 ಘನ ಅಡಿ, ಅದಕ್ಕೆ ಸಣ್ಣ ಫ್ಯಾನೇ ಧಾರಾಳ. ಅದನ್ನು ಕೆಳಗಿಳಿಸಿ ಟ್ರೇಗಳ ಹಿಂದೆ, ಟ್ರೇಯ ಎತ್ತರಕ್ಕೇ ಕೂರಿಸಿದೆ; ಆವಿ ಈಗ ಮೂಗಿನವರೆಗೆ ಏಳುವುದೇ ಇಲ್ಲ. ಅದರಾಚೆ ನಾಲ್ಕಿಂಚಿನ ಪಿವಿಸಿ ಪೈಪು, ಎರಡು ಎಲ್ಬೋ, ಒಳಗೆಲ್ಲ ಹೊಳಪಿಲ್ಲದ ಕಪ್ಪು ಪೇಂಟು. ಗಾಳಿ ತಿರುವಿನಲ್ಲಿ ನುಸುಳಿಕೊಂಡು ಹೋಗುತ್ತದೆ, ಬೆಳಕು ಕಪ್ಪು ಗೋಡೆಗೆ ಬಡಿದು ಅಲ್ಲೇ ಸಾಯುತ್ತದೆ. ಎದುರು ಬದಿಯಲ್ಲಿ ಬಾಗಿಲ ಬುಡಕ್ಕೆ ಅಂಥದೇ ಇನ್ನೊಂದು, ಹೊಸ ಗಾಳಿ ಬರಲಿಕ್ಕೆ. ಮೋರಿಗೆ ಮುಚ್ಚಳ. ಅಸಿಟಿಕ್ ಬಿಟ್ಟು ಲೀಟರಿಗೆ 15 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿದೆ, ಅದಕ್ಕೆ ವಾಸನೆಯೇ ಇಲ್ಲ.

ಬಾಯಮ್ಮನಿಗೆ ಮಾತ್ರ ಬೇಜಾರಾಯಿತು. ಅಂಗಡಿಯ ವಿನೆಗರ್ ಸರಿ ಇಲ್ಲದೆ ನಾವು ಅಡಿಗೆಯನ್ನೇ ಬಿಟ್ಟೆವು ಅಂತ ಅವರ ತೀರ್ಮಾನ. ಕ್ರಿಸ್ಮಸ್ಸಿಗೆ ಕುಸ್ವಾರದ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯ ಜೊತೆ ಮನೆಯಲ್ಲೇ ಮಾಡಿದ ಶೇಂದಿಯ ವಿನೆಗರ್ ಒಂದು ಬಾಟ್ಲಿ ಕಳಿಸಿದರು. ಕುಸ್ವಾರ ಸಂಜೆಗೇ ಖಾಲಿ. ಬಾಟ್ಲಿಯನ್ನು ಅಡಿಗೆಮನೆಗೆ ತರಲು ಅಮ್ಮ ಒಪ್ಪಲಿಲ್ಲ, ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಚೆಲ್ಲಲಿಕ್ಕೂ ಬಿಡಲಿಲ್ಲ. ಈಗ ಅದು ಡಾರ್ಕ್‌ರೂಮಿನಲ್ಲಿ ಫಿಕ್ಸರ್ ಪಕ್ಕ ಕೂತಿದೆ, ಬಿರಡೆ ಬಿಗಿಯಾಗಿ ಹಾಕಿ.